ಆಲ್ಟೆನಾ ಕೋಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ. ಬೇಸಿಗೆ ಬಂತೆಂದರೆ ಊರಿಂದ ನೆಂಟರು ಬರುತ್ತಾರೆ. ಅಷ್ಟು ಹೊತ್ತಿಗೆ ಕಲೋನ್ ಚರ್ಚು, ಹೈಡೆಲ್‌ಬರ್ಗ್ ಎಲ್ಲಾ ನೋಡಿ ಮುಗಿದಿರುತ್ತದೆ. "ಹತ್ತಿರದಲ್ಲೇ ಎಲ್ಲಾದರೂ ಹೋಗಿಬರೋಣ" ಅಂದಾಗ ನಾನು ಕರೆದುಕೊಂಡು ಹೋಗುವುದು ಆಲ್ಟೆನಾ ಕೋಟೆಗೆ. ಏಳೆಂಟು ಸಲ ಹೋಗಿದ್ದೇನೆ. ಪ್ರತಿ ಸಲವೂ ಅದೇ ಪ್ರಶ್ನೆಗಳು ಬರುತ್ತವೆ. ಕೆಲವಕ್ಕೆ ಮೊದಮೊದಲು ಬಾಯಿಗೆ ಬಂದ ಉತ್ತರ ಕೊಟ್ಟಿದ್ದೆ. ಆಮೇಲೆ ಓದಿಕೊಂಡೆ. ಈಗ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈ ಆಲ್ಟೆನಾ ಇರುವುದು ಎಲ್ಲಿ?

ಜರ್ಮನಿಯ ಪಶ್ಚಿಮಕ್ಕೆ, ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದಲ್ಲಿ. ಝೌವರ್‌ಲ್ಯಾಂಡ್ ಅಂತ ಒಂದು ಗುಡ್ಡಗಾಡು ಸೀಮೆ ಇದೆ, ಅದರ ಅಂಚಿನಲ್ಲಿ. ಕೆಳಗೆ ಲೆನ್ನೆ ನದಿ ಹರಿಯುತ್ತದೆ. ನದಿಯ ಎರಡೂ ಕಡೆ ಗುಡ್ಡ ಒತ್ತಿಕೊಂಡು ಬಂದಿರುವುದರಿಂದ ಊರಿಗೆ ಅಗಲವೇ ಇಲ್ಲ, ಬರೀ ಉದ್ದ. ಆ ಊರಿನ ನೆತ್ತಿಯ ಮೇಲೆ ಕ್ಲೂಝೆನ್‌ಬರ್ಗ್ ಎಂಬ ಗುಡ್ಡ, ಗುಡ್ಡದ ಬೆನ್ನಿನ ಮೇಲೆ ಕೋಟೆ.

ಊರು ಸಣ್ಣದು, ಸುಮಾರು 17 ಸಾವಿರ ಜನ. 1970ರ ಸುಮಾರಿಗೆ 30 ಸಾವಿರದ ಆಸುಪಾಸು ಇದ್ದರಂತೆ. ಫ್ಯಾಕ್ಟರಿಗಳು ಮುಚ್ಚಿದ ಹಾಗೆ ಜನ ಕಡಿಮೆಯಾಗುತ್ತಾ ಬಂದರು. ಮುಖ್ಯ ಬೀದಿಯಲ್ಲಿ ನಡೆದರೆ ಖಾಲಿ ಅಂಗಡಿಗಳು ಕಾಣುತ್ತವೆ. ಪಿಕ್ಚರ್ ಪೋಸ್ಟ್‌ಕಾರ್ಡಿನ ಜರ್ಮನಿಯನ್ನು ನಿರೀಕ್ಷಿಸಿ ಬಂದ ನೆಂಟರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇದು ಕೋಟೆಯಾ, ಅರಮನೆಯಾ?

ಜರ್ಮನ್ನರಿಗೆ ಇದು "ಬುರ್ಗ್". ಶತ್ರುವನ್ನು ತಡೆಯಲು ಕಟ್ಟಿದ ಮನೆ ಅಂತ ಅರ್ಥ. ಮೆರೆಯುವುದಕ್ಕೆ ಕಟ್ಟಿದ್ದಾದರೆ ಅದು "ಶ್ಲೋಸ್". ಕನ್ನಡದಲ್ಲಿ ಎರಡಕ್ಕೂ ನಾವು ಕೋಟೆ, ಅರಮನೆ ಅಂತ ಹೇಗೆ ಬೇಕಾದರೂ ಅಂದುಬಿಡುತ್ತೇವೆ.

ಆದರೆ ಕೋಟೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಚಿತ್ರದುರ್ಗ, ಅಲ್ವಾ? ಏಳು ಸುತ್ತು, ಒಳಗೆ ಹೊಂಡ, ಗುಡಿ, ಗರಡಿ, ಒಂದು ಊರಿಗೆ ಊರೇ. ಇದು ಹಾಗಲ್ಲ. ಒಬ್ಬ ಪಾಳೇಗಾರ, ಅವನ ಸಂಸಾರ, ಆಳುಕಾಳು, ಕುದುರೆ, ಕಾವಲಿಗೆ ಒಂದಷ್ಟು ಜನ, ಅಷ್ಟೆ. ಉತ್ತರ ಕರ್ನಾಟಕದವರಿಗೆ ನಾನು ಬೇರೆ ಥರ ಹೇಳುತ್ತೇನೆ: ದೇಸಾಯರ ವಾಡೆಯನ್ನು ಎತ್ತಿ ಗುಡ್ಡದ ಮೇಲೆ ಇಟ್ಟಂತೆ. ತಕ್ಷಣ ಅರ್ಥವಾಗುತ್ತದೆ. ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದರೂ ಐದು ನಿಮಿಷ ಸಾಕು.

ಯಾರು ಕಟ್ಟಿಸಿದ್ದು? ಯಾವಾಗ?

12ನೇ ಶತಮಾನದಲ್ಲಿ, ಬರ್ಗ್ ಎಂಬ ಮನೆತನದ ಕೌಂಟ್‌ಗಳು. ಕೌಂಟ್ ಅಂದರೆ ರಾಜನಲ್ಲ, ಚಕ್ರವರ್ತಿಯ ಕೈಕೆಳಗಿನ ಒಡೆಯ.

ಹೆಸರಿನ ಬಗ್ಗೆ ಊರವರು ಒಂದು ಕಥೆ ಹೇಳುತ್ತಾರೆ. ಇಬ್ಬರು ಅಣ್ಣತಮ್ಮಂದಿರು ಈ ಗುಡ್ಡದ ಮೇಲೆ ಕಟ್ಟೋಣ ಶುರು ಮಾಡಿದರಂತೆ. ಪಕ್ಕದ ಆರ್ನ್ಸ್‌ಬರ್ಗಿನ ಕೌಂಟ್‌ಗೆ ಸುದ್ದಿ ಮುಟ್ಟಿತು. "ಇದು ನನ್ನ ಗಡಿಗೆ ತೀರಾ ಹತ್ತಿರವಾಯ್ತು" ಅಂತ ಆಕ್ಷೇಪ ಹೇಳಿ ಕಳಿಸಿದನಂತೆ. ಅಲ್ಲಿನ ಆಡುಮಾತಿನಲ್ಲಿ "ತೀರಾ ಹತ್ತಿರ" ಅನ್ನುವುದು "ಆಲ್ ತೆ ನಾ". ಅಣ್ಣತಮ್ಮಂದಿರು ನಕ್ಕು ಅದನ್ನೇ ಹೆಸರು ಮಾಡಿದರು. ಬೇಲಿ ಜಗಳದಲ್ಲಿ ಬೈಸಿಕೊಂಡ ಮಾತನ್ನೇ ಮನೆ ಮುಂದೆ ಬೋರ್ಡ್ ಹಾಕಿಕೊಂಡಂತೆ. ಹ್ಯಾಂಬರ್ಗ್ ನಗರದ ಆಲ್ಟೋನಾ ಭಾಗಕ್ಕೂ ಇದೇ ಕಥೆ ಹೇಳುತ್ತಾರೆ, ಹಾಗಾಗಿ ನಾನು ಇದನ್ನು ಪೂರ್ತಿ ನಂಬುವುದಿಲ್ಲ. ಆದರೆ ಹೇಳುವುದನ್ನು ಮಾತ್ರ ಬಿಟ್ಟಿಲ್ಲ.

ಆ ಮನೆತನ ಎಷ್ಟು ಕಾಲ ಇಲ್ಲಿ ಇತ್ತು?

ಬಹಳ ಕಡಿಮೆ! 1161ರಲ್ಲಿ ಬರ್ಗ್ ಮನೆತನದಲ್ಲಿ ಪಾಲಾಯಿತು. ಒಬ್ಬನಿಗೆ ಆಲ್ಟೆನಾ ಬಂತು. ಮುಂದಿನ ತಲೆಮಾರಿನಲ್ಲಿ ಮತ್ತೆ ಪಾಲು. ಒಂದು ಕವಲು ಈಸೆನ್‌ಬರ್ಗ್‌ಗೆ ಹೋಯಿತು. ಇನ್ನೊಂದು ಕವಲು 1200ರ ಸುಮಾರಿಗೆ ಹಾಮ್ ಊರಿನ ಹತ್ತಿರ ಮಾರ್ಕ್ ಎಂಬಲ್ಲಿ ಬಯಲಿನಲ್ಲಿ ಹೊಸ ಕೋಟೆ ಮಾಡಿಕೊಂಡು ಅಲ್ಲಿಗೆ ಹೊರಟಿತು. ಹೋಗುವಾಗ ಹೆಸರನ್ನೂ ಬದಲಾಯಿಸಿಕೊಂಡರು, "ಮಾರ್ಕ್ ಕೌಂಟ್‌ಗಳು" ಅಂತಾದರು. ಮಳೆ, ಚಳಿ, ಗುಡ್ಡ ಹತ್ತಿಳಿಯುವ ಕಷ್ಟ ನೋಡಿದರೆ ನಾನಾಗಿದ್ದರೂ ಹೋಗಿಬಿಡುತ್ತಿದ್ದೆ.

ಅಂದರೆ ಲೆಕ್ಕ ಹೀಗೆ. ಕೋಟೆಗೆ ಸುಮಾರು 900 ವರ್ಷ. ಅದರಲ್ಲಿ ಕಟ್ಟಿಸಿದವರು ಸ್ವಂತ ಮನೆ ಅಂತ ವಾಸ ಮಾಡಿದ್ದು ನೂರು ವರ್ಷ ಆದರೆ ಹೆಚ್ಚು. ಉಳಿದದ್ದೆಲ್ಲಾ ಬೇರೆಯವರ ಕಥೆ. ನನಗೆ ಈ ಜಾಗ ಇಷ್ಟವಾಗಿರುವುದೂ ಆ ಬೇರೆಯವರಿಂದಲೇ.

ಯುದ್ಧ, ಕೊಲೆ ಏನೂ ಇಲ್ವಾ?

ಮಕ್ಕಳು ಕೇಳುವ ಪ್ರಶ್ನೆ ಇದು. ಒಂದು ಇದೆ. ಈಸೆನ್‌ಬರ್ಗ್‌ಗೆ ಹೋದ ಕವಲಿನ ಫ್ರೀಡ್ರಿಕ್ ಎಂಬವನು 1225ರ ನವೆಂಬರ್‌ನಲ್ಲಿ ಕಲೋನಿನ ಆರ್ಚ್‌ಬಿಷಪ್, ಅಂದರೆ ಅಲ್ಲಿನ ಚರ್ಚಿನ ಹಿರಿಯ ಧರ್ಮಗುರು, ಎಂಗೆಲ್‌ಬರ್ಟ್ ಮೇಲೆ ದಾರಿಯಲ್ಲಿ ದಾಳಿ ಮಾಡಿದ. ಆರ್ಚ್‌ಬಿಷಪ್ ಸತ್ತ. ಇಬ್ಬರೂ ಒಂದೇ ರಕ್ತದವರು, ದಾಯಾದಿಗಳು. ಮರುವರ್ಷ ಫ್ರೀಡ್ರಿಕ್‌ನನ್ನು ಕಲೋನಿನಲ್ಲಿ ಗಾಲಿಗೆ ಕಟ್ಟಿ ಕೊಂದರು. ಅವನ ಕೋಟೆಯನ್ನು ಕೆಡವಿದರು. ಮಾರ್ಕ್ ಕವಲಿನವರು ಸುಮ್ನೆ ಇದ್ದು, ಆಮೇಲೆ ಅವನ ಆಸ್ತಿಯಲ್ಲಿ ಒಳ್ಳೆಯ ಪಾಲು ಸೇರಿಸಿಕೊಂಡರು.

ದಾಳಿ ನಡೆದದ್ದು ಆಲ್ಟೆನಾದಲ್ಲಲ್ಲ, ಗೆವೆಲ್ಸ್‌ಬರ್ಗ್ ಹತ್ತಿರ. ಮಕ್ಕಳಿಗೆ ಇಲ್ಲಿ ಸ್ವಲ್ಪ ನಿರಾಸೆಯಾಗುತ್ತದೆ.

ಕೌಂಟ್‌ಗಳು ಬಿಟ್ಟು ಹೋದ ಮೇಲೆ ಕೋಟೆ ಪಾಳು ಬಿತ್ತಾ?

ಇಲ್ಲ. ಅವರ ಪರವಾಗಿ ಒಬ್ಬ ಅಧಿಕಾರಿ ಇರುತ್ತಿದ್ದ. ನಮ್ಮ ಅಮಲ್ದಾರರ ಹಾಗೆ: ಕಂದಾಯ, ನ್ಯಾಯ, ಕಾವಲು ಎಲ್ಲಾ ಅವನದೇ.

1609ರಲ್ಲಿ ಮಾರ್ಕ್ ಕೌಂಟ್‌ಗಳ ಸೀಮೆಗೆ ಒಡೆಯನಾಗಿದ್ದ ಡ್ಯೂಕ್ ಮಕ್ಕಳಿಲ್ಲದೆ ತೀರಿಕೊಂಡ. ವಾರಸುದಾರಿಕೆಗೆ ದೊಡ್ಡ ಜಗಳ ಆಗಿ ಕೊನೆಗೆ ಮಾರ್ಕ್ ಸೀಮೆ ಬ್ರಾಂಡೆನ್‌ಬರ್ಗ್ ಮನೆತನದ ಪಾಲಾಯಿತು. ಇವರೇ ಮುಂದೆ ಪ್ರಷ್ಯಾ ಎಂಬ ದೊಡ್ಡ ಜರ್ಮನ್ ರಾಜ್ಯದ ರಾಜರಾದವರು. ಅವರ ರಾಜಧಾನಿ ಬರ್ಲಿನ್ ಎಲ್ಲಿ, ಆಲ್ಟೆನಾ ಎಲ್ಲಿ! ರಾಜನಿಗೆ ಇಲ್ಲಿ ವಾಸ ಮಾಡುವ ಯೋಚನೆ ಬರಲು ಸಾಧ್ಯವೇ ಇರಲಿಲ್ಲ. ಒಂದು ತುಕಡಿ ಸೈನಿಕರನ್ನು ಇಟ್ಟರು. ಇವತ್ತಿಗೂ ಒಳಗೆ ಮದ್ದಿನ ಗೋಪುರ, ಕಮಾಂಡರ್ ಮನೆ ಅನ್ನುವ ಹೆಸರುಗಳು ಉಳಿದಿವೆ.

ಜೈಲು, ಆಸ್ಪತ್ರೆ ಆಗಿತ್ತು ಅಂತಾರಲ್ಲ, ನಿಜವಾ?

ನಿಜ. ತೋಪುಗಳ ಕಾಲ ಬಂದ ಮೇಲೆ ಇಂಥ ಸಣ್ಣ ಗುಡ್ಡದ ಕೋಟೆಯಿಂದ ಸೈನ್ಯಕ್ಕೆ ಪ್ರಯೋಜನವಿರಲಿಲ್ಲ. 18ನೇ ಶತಮಾನ ಮುಗಿಯುವ ಮೊದಲೇ ಕೋಟೆ ಊರಿನ ಕೈಗೆ ಬಂತು. ಊರಿಗಾದರೂ ಇದನ್ನು ಏನು ಮಾಡಬೇಕು ಅಂತ ಗೊತ್ತಿರಬೇಕಲ್ಲ? ದಪ್ಪ ಗೋಡೆ, ಸಣ್ಣ ಕಿಟಕಿ, ಊರಿಂದ ಸ್ವಲ್ಪ ದೂರ. ಇಂಥ ಕಟ್ಟಡ ಸಿಕ್ಕರೆ ಯಾವ ಊರಾದರೂ ಮಾಡುವುದು ಒಂದೇ: ಯಾರನ್ನು ಕಣ್ಣೆದುರು ಇಟ್ಟುಕೊಳ್ಳಲು ಇಷ್ಟವಿಲ್ಲವೋ ಅವರನ್ನು ಅಲ್ಲಿಗೆ ಕಳಿಸುವುದು. ಕೈದಿಗಳು ಬಂದರು. ದಿಕ್ಕಿಲ್ಲದ ಬಡವರು ಬಂದರು.

19ನೇ ಶತಮಾನದಲ್ಲಿ ಒಂದು ಭಾಗ ಆಸ್ಪತ್ರೆಯಾಯಿತು. ಸೇಂಟ್ ಜಾನ್ ಹೆಸರಿನ ಪ್ರಾಟೆಸ್ಟೆಂಟ್ ಸೇವಾಸಂಘದವರು, ಜರ್ಮನ್ನರು ಯೊಹಾನಿಟರ್ ಅಂತಾರೆ, ಅವರು ನಡೆಸುತ್ತಿದ್ದರು. 1906ರವರೆಗೂ ಆಸ್ಪತ್ರೆ ಇತ್ತು.

ಒಮ್ಮೆ ನಮ್ಮ ಸೋದರತ್ತೆ ಮೇಲಿನ ಅಂಗಳದ ಕಲ್ಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಳ್ಳುತ್ತಾ "ಬಾಣಂತಿ, ಮುದುಕರನ್ನ ಇಷ್ಟು ಮೇಲೆ ಹೊತ್ತುಕೊಂಡು ಬರ್ತಿದ್ರೇನೋ?" ಅಂದರು. ನಾಲ್ಕೈದು ಸಲ ಬಂದಿದ್ದರೂ ನನಗೆ ಹೊಳೆಯದ ಪ್ರಶ್ನೆ. ಗುಡ್ಡದ ಮೇಲಿನ ಕೋಟೆ ನೋಡುವಾಗ ನಾವು ಕುದುರೆ ಏರಿ ಬಂದವರನ್ನೇ ನೆನೆಯುತ್ತೇವೆ. ಹೊತ್ತುಕೊಂಡು ಬರಬೇಕಾದವರು, ಕೈಗೆ ಕೋಳ ಹಾಕಿಸಿಕೊಂಡು ಬಂದವರು ಬಹುಶಃ ಅವರಿಗಿಂತ ಜಾಸ್ತಿ ಇದ್ದರು.

ಅಂದರೆ ಈಗ ಕಾಣುವುದೆಲ್ಲಾ 900 ವರ್ಷ ಹಳೆಯದಾ?

ಇದಕ್ಕೆ ಉತ್ತರ ಕೊಟ್ಟಾಗ ಕೆಲವರಿಗೆ ಬೇಜಾರಾಗುತ್ತದೆ. ಇಲ್ಲ, ಬಹಳ ಭಾಗ ಹಳೆಯದಲ್ಲ. ಆಸ್ಪತ್ರೆ ಖಾಲಿಯಾಗುವ ಹೊತ್ತಿಗೆ ಕೋಟೆಯಲ್ಲಿ ಎಷ್ಟೋ ಕಡೆ ಗೋಡೆ ಬಿದ್ದು, ಚಾವಣಿ ಹೋಗಿ, ಬಳ್ಳಿ ಹಬ್ಬಿತ್ತು. ಜಿಲ್ಲೆಯ ಮುಖ್ಯಾಧಿಕಾರಿಯಾಗಿದ್ದ ಫ್ರಿಟ್ಸ್ ಟೊಮೇ 1907ರಲ್ಲಿ ಅದನ್ನು ಮತ್ತೆ ಕಟ್ಟಬೇಕು ಅಂತ ಹೊರಟರು. ನೆಪ ಚೆನ್ನಾಗಿತ್ತು: 1609ರಲ್ಲಿ ಸೀಮೆ ಬ್ರಾಂಡೆನ್‌ಬರ್ಗಿಗೆ ಬಂದಿತ್ತಲ್ಲ, 1909ಕ್ಕೆ 300 ವರ್ಷ. ಚಂದಾ ಎತ್ತಿದರು. ಆಖೆನ್ ಊರಿನ ಗೇಯೋರ್ಗ್ ಫ್ರೆಂಟ್ಸೆನ್ ನಕ್ಷೆ ಹಾಕಿದರು. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಕೆಲಸ ಹೆಚ್ಚುಕಡಿಮೆ ಆಗಿತ್ತು.

ಆಗ ಜರ್ಮನಿಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಪಾಳನ್ನು ಪಾಳಾಗಿಯೇ ಕಾಪಾಡಿ, ಊಹೆಯ ಮೇಲೆ ಕಟ್ಟಬೇಡಿ ಅನ್ನುವವರು ಒಂದು ಕಡೆ. ಹೈಡೆಲ್‌ಬರ್ಗ್ ಕೋಟೆಯ ವಿಷಯದಲ್ಲಿ ಈ ವಾದ ಆಗಲೇ ಕಾವೇರಿತ್ತು, ಅಲ್ಲಿ ಪಾಳಿನ ಪರ ಇದ್ದವರೇ ಹೆಚ್ಚುಕಮ್ಮಿ ಗೆದ್ದರು. ಆಲ್ಟೆನಾದಲ್ಲಿ ಕಟ್ಟುವವರು ಗೆದ್ದರು. ಪ್ರಷ್ಯಾದ ರಾಜಮನೆತನವನ್ನು ಹೊಗಳುವ ಉತ್ಸಾಹವೂ ಅದರಲ್ಲಿ ಧಾರಾಳವಾಗಿ ಇತ್ತು.

ಹಾಗಾಗಿ ಸೆಲ್ಫಿಯಲ್ಲಿ ಬರುವ ಚೂಪು ಚಾವಣಿಗಳಲ್ಲಿ ಎಷ್ಟೋ ಮೈಸೂರಿನ ಈಗಿನ ಅರಮನೆಗಿಂತ ಹೊಸವು. ಅದು 1912ರಲ್ಲಿ ಮುಗಿದದ್ದು. ನನ್ನ ಅಭಿಪ್ರಾಯ ಕೇಳಿದರೆ, ಫ್ರೆಂಟ್ಸೆನ್ ಕೆಲಸ ಅಚ್ಚುಕಟ್ಟಾಗಿದೆ. ಆದರೆ ಕೆಳಗಿನ ಗೋಡೆಗಳ ಒರಟು ಕಲ್ಲು ಮುಟ್ಟಿ, ಆಮೇಲೆ ಮೇಲಿನ ಸಾಲನ್ನು ಮುಟ್ಟಿ ನೋಡಿ. ಕೈಗೇ ಗೊತ್ತಾಗುತ್ತದೆ.

ಜಗತ್ತಿನ ಮೊದಲ ಯೂತ್ ಹಾಸ್ಟೆಲ್ ಇಲ್ಲೇ ಅಂತೆ?

ಹೌದು. ನಾನು ನೆಂಟರನ್ನು ಇಲ್ಲಿಗೆ ಎಳೆದುಕೊಂಡು ಬರುವುದೇ ಇದಕ್ಕಾಗಿ.

ರಿಚರ್ಡ್ ಶಿರ್ಮಾನ್ ಅಂತ ಒಬ್ಬ ಮೇಷ್ಟ್ರು. 1874ರಲ್ಲಿ ಪೂರ್ವ ಪ್ರಷ್ಯಾದಲ್ಲಿ ಹುಟ್ಟಿದವರು. ಮೊದಲು ಗೆಲ್ಸೆನ್‌ಕಿರ್ಖೆನ್ ಎಂಬ ಕಲ್ಲಿದ್ದಲ ಊರಿನಲ್ಲಿ ಪಾಠ ಮಾಡುತ್ತಿದ್ದರು. ಮಸಿ, ಹೊಗೆ, ಬೆಳಕು ಕಾಣದ ಮಕ್ಕಳು. ಇವರು ಮಕ್ಕಳನ್ನು ಕ್ಲಾಸಿನಿಂದ ಹೊರಗೆ ಕಾಡಿಗೆ ಕರೆದುಕೊಂಡು ಹೋಗಿ ಅಲ್ಲೇ ಪಾಠ ಹೇಳಲು ಶುರು ಮಾಡಿದರು. ಮೇಲಿನವರಿಗೆ ಅದು ಸರಿಬರಲಿಲ್ಲ. 1903ರಲ್ಲಿ ಆಲ್ಟೆನಾಗೆ ಬಂದರು. ಇಲ್ಲೂ ಅದೇ ಚಾಳಿ. ಇಲ್ಲಿನ ಮಕ್ಕಳು ತಂತಿ ಕಾರ್ಖಾನೆ ಕೂಲಿಗಳ ಮಕ್ಕಳು. ನೆಟ್ಟೆ ಅನ್ನುವ ಕಡೆಯ ಸ್ಕೂಲು. ರಜೆಯಲ್ಲಿ ಖಾಲಿ ಇರುವ ಆ ಸ್ಕೂಲಿನಲ್ಲೇ ಬೆಂಚು ಪಕ್ಕಕ್ಕೆ ಸರಿಸಿ, ಹುಲ್ಲು ತುಂಬಿದ ಚೀಲ ಹಾಸಿ, ನಡೆದು ಬಂದ ಮಕ್ಕಳಿಗೆ ಮಲಗಲು ಜಾಗ ಮಾಡಿಕೊಡುತ್ತಿದ್ದರು.

1909ರ ಆಗಸ್ಟ್ 26. ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಆಲ್ಟೆನಾದಿಂದ ಆಖೆನ್ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಬ್ರೋಲ್ ಕಣಿವೆಯಲ್ಲಿ ಗುಡುಗು ಮಳೆ ಹಿಡಿಯಿತು. ರಾತ್ರಿ ತಂಗಲು ಕೊಟ್ಟಿಗೆ ಕೇಳಿದರೆ ರೈತ ಕೊಡಲಿಲ್ಲ. ಕೊನೆಗೆ ಹಳ್ಳಿಯ ಸ್ಕೂಲಿನಲ್ಲಿ ಜಾಗ ಸಿಕ್ಕಿತು. ಹುಲ್ಲು ಹಾಸಿಕೊಂಡು ಹುಡುಗರು ನಿದ್ದೆ ಹೋದರು. ಹೊರಗೆ ಸಿಡಿಲು. ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ದೇಶದ ತುಂಬಾ ಸ್ಕೂಲುಗಳಿವೆ, ರಜೆಯಲ್ಲಿ ಎಲ್ಲವೂ ಖಾಲಿ. ಒಂದು ದಿನ ನಡೆದರೆ ಮುಟ್ಟುವ ದೂರಕ್ಕೆ ಒಂದೊಂದು ತಂಗುಮನೆ ಇದ್ದರೆ? ಆ ರಾತ್ರಿ ಹೊಳೆದದ್ದು ಇಷ್ಟೇ. ಮರುವರ್ಷ ಅದನ್ನು ಪತ್ರಿಕೆಯಲ್ಲಿ ಬರೆದರು. ಓದಿದವರು ಪುಸ್ತಕ, ದುಡ್ಡು, ಹಾಸಿಗೆ ಅಂತ ಕಳಿಸತೊಡಗಿದರು. ಹಿಲ್ಖೆನ್‌ಬಾಖ್ ಊರಿನ ವಿಲ್‌ಹೆಲ್ಮ್ ಮ್ಯುಂಕರ್ ಎಂಬ ಕಾರ್ಖಾನೆ ಯಜಮಾನ ಜೊತೆಗೂಡಿ, ಲೆಕ್ಕಪತ್ರ ಮತ್ತು ಸಂಘಟನೆಯ ಕಡೆ ನೋಡಿಕೊಂಡರು. ಕನಸು ಕಾಣುವವರ ಪಕ್ಕ ರಸೀದಿ ಬರೆಯುವವರೊಬ್ಬರು ಇರದಿದ್ದರೆ ಯಾವುದೂ ನಿಲ್ಲುವುದಿಲ್ಲ, ನಮ್ಮ ಕನ್ನಡ ಸಂಘದಲ್ಲಿ ನೋಡಿದ್ದೇನೆ.

ಸ್ಕೂಲು ಬಿಟ್ಟು ಕೋಟೆಗೆ ಯಾಕೆ ಬಂದರು?

ಕಾಲ ಕೂಡಿಬಂತು. ಟೊಮೇ ಅವರು ಕೋಟೆ ಕಟ್ಟಿಸುತ್ತಿದ್ದರು, ಕೋಣೆಗಳಿಗೆ ಏನಾದರೂ ಉಪಯೋಗ ಬೇಕಿತ್ತು. ಮೇಷ್ಟ್ರಿಗೆ ವರ್ಷವಿಡೀ ತೆರೆದಿರುವ ಜಾಗ ಬೇಕಿತ್ತು. ಸ್ಕೂಲಾದರೆ ರಜೆಯಲ್ಲಿ ಮಾತ್ರ ಸಿಗುತ್ತದೆ, ರಜೆ ಮುಗಿದರೆ ಬೆಂಚು ಮತ್ತೆ ಹಾಕಬೇಕು. 1912ರಲ್ಲಿ ಕೋಟೆಯಲ್ಲಿ ಹಾಸ್ಟೆಲ್ ತೆರೆಯಿತು. ಮಲಗುವ ಕೋಣೆ, ಅಡುಗೆಮನೆ, ಸ್ನಾನಕ್ಕೆ ಜಾಗ. ಮೇಷ್ಟ್ರೇ ಮೊದಲ "ಹೆರ್ಬೆರ್ಗ್ಸ್‌ಫಾಟರ್". ಅಂದರೆ ತಂಗುಮನೆಯ ಅಪ್ಪ. ಜರ್ಮನ್ ಯೂತ್ ಹಾಸ್ಟೆಲ್ ನಡೆಸುವವರಿಗೆ ಅಪ್ಪ-ಅಮ್ಮ ಅಂತ ಹೆಸರು ಬಂದದ್ದು ಹೀಗೆ. ವಾರ್ಡನ್ ಅನ್ನುವುದಕ್ಕಿಂತ ಎಷ್ಟೋ ವಾಸಿ.

ಕೌಂಟ್‌ಗಳ ವೈಭವ ತೋರಿಸಲು ಎಬ್ಬಿಸಿದ ಗೋಡೆಗಳ ಒಳಗೆ ಮೊದಲು ಮಲಗಿದವರಲ್ಲಿ ಕೂಲಿಕಾರರ ಮಕ್ಕಳೂ ಇದ್ದರು ಅನ್ನುವುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಆ ಮೊದಲ ಹಾಸ್ಟೆಲ್ ಕೋಣೆ ಈಗಲೂ ಇದೆಯಾ?

ಇದೆ, ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಹೋದವರು ಇದನ್ನು ಮಾತ್ರ ಬಿಡಬೇಡಿ. ಕತ್ತಿ, ಕವಚ ನೋಡಿ ಸುಸ್ತಾಗಿ ಇಲ್ಲಿಗೆ ಬರುವ ಹೊತ್ತಿಗೆ ಜನ ಮೊಬೈಲ್ ನೋಡುತ್ತಿರುತ್ತಾರೆ, ಅದಕ್ಕೇ ಹೇಳಿದೆ.

ಒಂದರ ಮೇಲೊಂದು ಮೂರು ಅಂತಸ್ತಿನ ಮರದ ಮಂಚಗಳು. ಕಬ್ಬಿಣದ ಮಂಚದ ಹಾಗೆ ತೆಳ್ಳಗಲ್ಲ, ದಪ್ಪ ಹಲಗೆ. ನಮ್ಮ ರೈಲಿನ ಸ್ಲೀಪರ್ ಬೋಗಿಯನ್ನು ಬಡಗಿಯ ಕೈಯಲ್ಲಿ ಮಾಡಿಸಿದಂತೆ. ಮೇಲಿನ ಬರ್ತ್‌ಗೆ ಜಗಳ ಆಗುತ್ತಿತ್ತಾ ಅಂತ ನನ್ನ ಮಗಳು ಕೇಳಿದಳು. ಆಗದೆ ಇರುತ್ತದೆಯೇ! ನನಗೆ ಕೋಟೆಯಲ್ಲಿ ಅತಿ ಹೆಚ್ಚು ನಂಬಿಕೆ ಬರುವ ವಸ್ತು ಈ ಮಂಚ. ರಾಣಿಯ ಕೋಣೆ, ವೀರರ ಸಭೆ ಎಲ್ಲಾ "ಹೀಗೆ ಇದ್ದಿರಬಹುದು" ಅಂತ ಮಾಡಿದ್ದು. ಮಂಚದಲ್ಲಿ ಮಾತ್ರ ಮಲಗಲು ಮಾಡಿಸಿದ್ದು, ಮಲಗಿದ್ದು, ಎರಡೂ ನಿಜ.

ಶಿರ್ಮಾನ್ ಮೇಷ್ಟ್ರು ಆಮೇಲೆ ಏನಾದರು?

ಯುದ್ಧಕ್ಕೆ ಹೋದರು. 1915ರ ಕ್ರಿಸ್‌ಮಸ್ ಹೊತ್ತಿಗೆ ಫ್ರಾನ್ಸ್ ಗಡಿಯ ವೋಝ್ ಬೆಟ್ಟಗಳಲ್ಲಿ ಇದ್ದರು. ಆ ಹಬ್ಬದಲ್ಲಿ ಎರಡೂ ಕಡೆಯ ಸೈನಿಕರು ಗುಂಡು ನಿಲ್ಲಿಸಿ, ಕಂದಕದಿಂದ ಎದ್ದು ಬಂದು ತಿಂಡಿ ಬದಲಾಯಿಸಿಕೊಂಡರಂತೆ. ಇವರ ಕಡೆಯಿಂದ ವೆಸ್ಟ್‌ಫಾಲಿಯಾದ ಕಪ್ಪು ಬ್ರೆಡ್ಡು, ಅವರ ಕಡೆಯಿಂದ ವೈನು, ಸಿಗರೇಟು. ಆ ಸೈನಿಕರು ಮೊದಲೇ ಎಲ್ಲಾದರೂ ಭೇಟಿಯಾಗಿದ್ದರೆ, ಬೇರೆ ಬೇರೆ ದೇಶದ ಹುಡುಗರು ಒಂದೇ ಸೂರಿನಡಿ ಉಳಿದಿದ್ದರೆ ಅನ್ನುವ ಯೋಚನೆ ಅವರನ್ನು ಬಿಡಲಿಲ್ಲ. ಯುದ್ಧ ಮುಗಿದ 1919ರಲ್ಲಿ ಹಾಸ್ಟೆಲ್‌ಗಳ ರಾಷ್ಟ್ರಮಟ್ಟದ ಸಂಘ ಆಯಿತು. 1932ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೇರೆ ಬೇರೆ ದೇಶದವರು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಮಾಡಿದರು. ಮೇಷ್ಟ್ರು ಅದರ ಅಧ್ಯಕ್ಷರಾದರು.

1933ರಲ್ಲಿ ನಾತ್ಸಿಗಳು ಬಂದರು. ಹಾಸ್ಟೆಲ್‌ಗಳನ್ನು ಹಿಟ್ಲರ್ ಯುವಪಡೆಯ ಕೈಕೆಳಗೆ ತಂದರು. 1936ರಲ್ಲಿ ಮೇಷ್ಟ್ರು ಆ ಅಧ್ಯಕ್ಷಗಿರಿಯನ್ನೂ ಬಿಡಬೇಕಾಯಿತು. ಯುದ್ಧವಾದ ಮೇಲೆ ಮತ್ತೆ ಹಾಸ್ಟೆಲ್‌ಗಳನ್ನು ಎಬ್ಬಿಸುವ ಕೆಲಸಕ್ಕೆ ಬಂದರು. 1961ರಲ್ಲಿ ತೀರಿಕೊಂಡರು.

ನಮ್ಮ ಟ್ರೆಕ್ಕಿಂಗ್‌ನ ಯೂತ್ ಹಾಸ್ಟೆಲ್‌ಗೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇದೆ. ಬೆಂಗಳೂರಿನಿಂದ ಹಿಮಾಚಲದ ಸಾರ್ ಪಾಸ್ ಟ್ರೆಕ್‌ಗೆ ಹೋಗಿಬಂದ ಹುಡುಗ-ಹುಡುಗಿಯರು ವೈ.ಎಚ್.ಎ.ಐ. ಕಾರ್ಡ್ ಮಾಡಿಸಿರುತ್ತಾರಲ್ಲ, ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ, ಅದು ಇದೇ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯ. ಗುಡಿಸಲು ಮತ್ತು ಮರದ ಗುರುತು ಇಲ್ಲೂ ಅಲ್ಲೂ ಕಾಣುತ್ತದೆ.

ನಾನು ಮೊದಲ ಸಲ ಹಿಮಾಲಯದ ಕ್ಯಾಂಪ್‌ಗೆ ಹೋಗುವಾಗ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ "ಚೀಲದಂತೆ ಹೊಲಿದ ಬೆಡ್‌ಶೀಟ್" ಅಂತ ಇತ್ತು. ಅಂಗಡಿಯಲ್ಲಿ ಕೇಳಿದರೆ ನಕ್ಕರು. ಅಮ್ಮ ಹಳೆಯ ಎರಡು ಬೆಡ್‌ಶೀಟ್ ಸೇರಿಸಿ, ಮೂರು ಕಡೆ ಹೊಲಿದು, "ಹೆಣ ಕಟ್ಟೋ ಥರ ಇದೆ, ಇದೆಂಥದೋ ಮಾರಾಯ" ಅಂತ ಬೈದುಕೊಂಡೇ ಕೊಟ್ಟಿದ್ದಳು. ಬಹಳ ಜನ ಬಳಸುವ ರಗ್ಗು, ಹಾಸಿಗೆ ಮೈಗೆ ನೇರ ತಾಗದಿರಲಿ ಅಂತ ಈ ಉಪಾಯ. ಯೂರೋಪಿನ ಹಾಸ್ಟೆಲ್‌ಗಳಲ್ಲೂ ಹಿಂದೆ ಇದೇ ರೂಢಿ ಇತ್ತು ಅಂತ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಜರ್ಮನಿಯವರಿಗೂ ಬೆಡ್‌ಶೀಟ್ ಹಾಸಿಕೊಳ್ಳೋಕೆ ಬರಲ್ವಾ?" ಅಂದಳು.

ಈಗ ಕೋಟೆಯಲ್ಲಿ ರಾತ್ರಿ ಉಳಿಯಬಹುದಾ?

ಉಳಿಯಬಹುದು. ಹಳೆಯ ಕೋಣೆಯಲ್ಲಲ್ಲ. ಕೆಳಗಿನ ಅಂಗಳದ ಕಟ್ಟಡದಲ್ಲಿ ಈಗಿನ ಹಾಸ್ಟೆಲ್ ಇದೆ. ಸದಸ್ಯತ್ವ ಬೇಕು, ಭಾರತದ ಯೂತ್ ಹಾಸ್ಟೆಲ್ ಕಾರ್ಡ್ ಇದ್ದರೆ ಜೊತೆಗೆ ತನ್ನಿ. ಜಾಗ ಸಣ್ಣದು, ಶಾಲಾ ಗುಂಪುಗಳು ಜಾಸ್ತಿ ಬರುತ್ತವೆ, ಮೊದಲೇ ಬುಕ್ ಮಾಡಿ. ನಾವು ಒಮ್ಮೆ ಉಳಿದಿದ್ದೆವು. ಸಂಜೆ ಟಿಕೆಟ್ ಕೊಂಡು ಬಂದವರೆಲ್ಲಾ ಇಳಿದು ಹೋದ ಮೇಲೆ ಅಂಗಳದಲ್ಲಿ ನಮ್ಮ ಚಪ್ಪಲಿ ಸದ್ದು ಮಾತ್ರ. ಪಕ್ಕದ ರೂಮಿನಲ್ಲಿ ಐದನೇ ಕ್ಲಾಸಿನ ಮಕ್ಕಳು ರಾತ್ರಿ ಹನ್ನೊಂದರವರೆಗೂ ಕಿರುಚಾಡಿದರು. ಮೇಷ್ಟ್ರಿದ್ದಿದ್ದರೆ ಸಂತೋಷಪಡುತ್ತಿದ್ದರು, ನಾನು ಪಡಲಿಲ್ಲ.

ದೆವ್ವ ಇದೆಯಾ?

ಐದನೇ ಕ್ಲಾಸಿನ ಮಕ್ಕಳಿದ್ದಾರೆ.

ಮ್ಯೂಸಿಯಂನಲ್ಲಿ ಇನ್ನೇನಿದೆ?

ಮಾರ್ಕ್ ಸೀಮೆಯ ಇತಿಹಾಸ: ಆಯುಧ, ಕವಚ, ಹಳೆಯ ಪೀಠೋಪಕರಣ, ಕೆಳಗೆ ಕತ್ತಲು ಗೋಪುರ, ಒಂದು ಚಾಪೆಲ್. ಚೆನ್ನಾಗಿ ಜೋಡಿಸಿದ್ದಾರೆ, ಆದರೆ ಕವಚ ನೋಡಿದರೆ ಕವಚ ಯಾವುದರಿಂದ ಮಾಡಿದ್ದು ಅಂತ ಕೇಳಬೇಕು. ಅದಕ್ಕೆ ಉತ್ತರ ಕೋಟೆಯಲ್ಲಿಲ್ಲ, ಕೆಳಗೆ ಊರಿನಲ್ಲಿದೆ.

ತಂತಿ ಮ್ಯೂಸಿಯಂ ಅಂತ ಬೋರ್ಡ್ ಇದೆ. ತಂತಿಯಲ್ಲಿ ನೋಡೋದೇನಿದೆ?

ನಾನೂ ಹೀಗೇ ಅಂದಿದ್ದೆ! ಆಲ್ಟೆನಾ ಬದುಕಿದ್ದೇ ತಂತಿಯಿಂದ. ಗುಡ್ಡದಲ್ಲಿ ಕಬ್ಬಿಣ, ಇದ್ದಿಲಿಗೆ ಕಾಡು, ಗಾಲಿ ತಿರುಗಿಸಲು ರಾಮೆಡೆ, ನೆಟ್ಟೆ ಅಂತ ಹಳ್ಳಗಳು. ಕಬ್ಬಿಣದ ಸಣ್ಣ ಸಲಾಕೆಯ ತುದಿ ಚೂಪು ಮಾಡಿ, ತೂತಿರುವ ಉಕ್ಕಿನ ಫಲಕದಲ್ಲಿ ತೂರಿಸಿ ಆ ಕಡೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಆಮೇಲೆ ಅದಕ್ಕಿಂತ ಸಣ್ಣ ತೂತು. ಆಮೇಲೆ ಇನ್ನೂ ಸಣ್ಣದು. ಎಳೆದೆಳೆದು ಗಟ್ಟಿಯಾದ ತಂತಿಯನ್ನು ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಚಕ್ಕುಲಿ ಒರಳು ಒತ್ತಿದವರಿಗೆ ಇದು ಬೇಗ ತಿಳಿಯುತ್ತದೆ, ಒತ್ತುವ ಬದಲು ಎಳೆಯುವುದು ಅಷ್ಟೆ.

ಆ ತಂತಿಯನ್ನು ಸುತ್ತಿ, ಕತ್ತರಿಸಿ, ಉಂಗುರ ಮಾಡಿ ಒಂದಕ್ಕೊಂದು ಹೆಣೆದರೆ ವೀರರು ತೊಡುವ ಉಂಗುರದ ಅಂಗಿ. ಒಂದು ಅಂಗಿಗೆ ಸಾವಿರಾರು ಉಂಗುರ ಬೇಕು. ಅಂಗಿಯ ಕಾಲ ಮುಗಿದ ಮೇಲೆ ಸೂಜಿ, ಸರಪಳಿ, ಮೊಳೆ, ಸ್ಪ್ರಿಂಗ್, ಕೇಬಲ್. ಕೋಟೆಯ ಕೆಲಸ ಬದಲಾಗುತ್ತಾ ಹೋದಂತೆ ತಂತಿಯ ಕೆಲಸವೂ ಬದಲಾಯಿತು. ಕೋಟೆಗೆ ಟಿಕೆಟ್ ತೆಗೆದುಕೊಂಡರೆ ಇದನ್ನೂ ಸೇರಿಸಿ ನೋಡಿ. ಗುಂಡಿ ಒತ್ತಿ, ಎಳೆದು ನೋಡುವ ಸಾಮಾನುಗಳಿರುವುದರಿಂದ ಮಕ್ಕಳಿಗೆ ಕೋಟೆಗಿಂತ ಇಲ್ಲೇ ಜಾಸ್ತಿ ಖುಷಿ.

ಹೋಗುವುದು ಹೇಗೆ?

ಹಾಗೆನ್‌ನಿಂದ ಝೀಗೆನ್ ಕಡೆಗೆ ಹೋಗುವ ರೈಲು ಹಿಡಿಯಿರಿ. ಲೆನ್ನೆ ನದಿಯ ಪಕ್ಕದಲ್ಲೇ ಹಳಿ, ಅರ್ಧ ಗಂಟೆಯ ಆಸುಪಾಸು. ಸ್ಟೇಷನ್ನಿನಿಂದ ಇಳಿದ ಕೂಡಲೇ ಕೋಟೆ ಕಾಣುತ್ತದೆ. 2021ರ ಜುಲೈ ಪ್ರವಾಹದಲ್ಲಿ ಈ ಊರು ತುಂಬಾ ಹೊಡೆತ ತಿಂದಿತು, ರೈಲು ತಿಂಗಳುಗಟ್ಟಲೆ ನಿಂತಿತ್ತು. ಅದೇ ವರ್ಷದ ಕೊನೆಗೆ ಹತ್ತಿರದ ಹೈವೇಯ ರಾಮೆಡೆ ಸೇತುವೆ ಹಾಳಾಗಿದೆ ಅಂತ ಮುಚ್ಚಿದರು, 2023ರ ಮೇ ತಿಂಗಳಲ್ಲಿ ಸ್ಫೋಟಿಸಿ ಕೆಡವಿದರು. ಆ ಭಾಗದಲ್ಲಿ ಕಾರು ಓಡಿಸಿದವರ ಬೈಗುಳ ನನಗೆ ಬಾಯಿಪಾಠವಾಗಿದೆ. ರೈಲೇ ವಾಸಿ.

ಮಂಡಿ ನೋವಿನವರು ಮೇಲೆ ಹತ್ತುವುದು ಹೇಗೆ?

2014ರಿಂದ ಲಿಫ್ಟ್ ಇದೆ. ಊರಿನ ನಡುವಿಂದ ಗುಡ್ಡದ ಹೊಟ್ಟೆಗೆ ಸುಮಾರು 90 ಮೀಟರ್ ಸುರಂಗ. ಸುರಂಗದಲ್ಲಿ ನಡೆಯುತ್ತಾ ಹೋದರೆ ಬೆಳಕು, ಸದ್ದು, ಹಳೆಯ ಕಥೆಯ ಪಾತ್ರಗಳು. ತುದಿಯಲ್ಲಿ ಲಿಫ್ಟ್ ಹತ್ತಿದರೆ ಸುಮಾರು 80 ಮೀಟರ್ ಮೇಲಕ್ಕೆ, ನೇರ ಕೋಟೆಯ ಅಂಗಳಕ್ಕೆ. ಸೋದರತ್ತೆಯನ್ನು ನಾನು ಮೊದಲ ಸಲ ನಡೆಸಿಕೊಂಡು ಹೋಗಿ, ಇಳಿಯುವಾಗ ಲಿಫ್ಟ್ ತೋರಿಸಿದೆ. ಆ ತಪ್ಪಿಗೆ ಇನ್ನೂ ಕ್ಷಮೆ ಸಿಕ್ಕಿಲ್ಲ. ಕೋಟೆಯ ಒಳಗೆ ಮಾತ್ರ ಮೆಟ್ಟಿಲು, ಉರುಟು ಕಲ್ಲು ತಪ್ಪಿದ್ದಲ್ಲ. ಚಪ್ಪಲಿ ಅಲ್ಲ, ಒಳ್ಳೆಯ ಶೂ ಹಾಕಿ.

ಕಾಲು ಗಟ್ಟಿ ಇದ್ದವರು ನಡೆದೇ ಹತ್ತಿ. ಒಂದರ ಹಿಂದೆ ಒಂದು ಮೂರು ಬಾಗಿಲು ದಾಟಿ ಒಳಗೆ ಹೋಗುವಾಗ, ಪ್ರತಿ ಬಾಗಿಲಿನ ಮೇಲಿಂದಲೂ ನಿಮ್ಮ ತಲೆ ಹೇಗೆ ಕಾಣುತ್ತದೆ ಅಂತ ಗೊತ್ತಾಗುತ್ತದೆ. ಲಿಫ್ಟ್‌ನಲ್ಲಿ ಇದು ಸಿಗುವುದಿಲ್ಲ.

ಯಾವ ದಿನ ಹೋಗಬಾರದು?

ಸೋಮವಾರ. ಇಲ್ಲಿನ ಬಹಳಷ್ಟು ಮ್ಯೂಸಿಯಂಗಳಿಗೆ ಅವತ್ತು ರಜೆ. ಇದನ್ನು ಮರೆತು ಆರು ಜನ ನೆಂಟರನ್ನು ಕರೆದುಕೊಂಡು ಹೋಗಿ, ಬಾಗಿಲ ಎದುರು ಫೋಟೋ ತೆಗೆಸಿಕೊಂಡು ವಾಪಸ್ ಬಂದಿದ್ದೇನೆ. ಉಳಿದ ದಿನಗಳಲ್ಲೂ ಹೊರಡುವ ಮೊದಲು ಸಮಯ ನೋಡಿಕೊಳ್ಳಿ.

ಊಟಕ್ಕೆ?

ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳಿ. ಚಪಾತಿ, ಪಲ್ಯ, ಇಲ್ಲವೇ ಪುಳಿಯೋಗರೆ. ಮ್ಯೂಸಿಯಂ ಒಳಗೆ ತಿನ್ನಬೇಡಿ. ಕೆಳಗೆ ಲೆನ್ನೆ ದಡದಲ್ಲಿ ಬೆಂಚುಗಳಿವೆ, ಅಲ್ಲಿ ಕೂತರೆ ಕೋಟೆಯೂ ಎದುರಿಗೇ ಕಾಣುತ್ತದೆ. ಬಾತುಕೋಳಿಗಳು ಬರುತ್ತವೆ, ಅವಕ್ಕೆ ಪುಳಿಯೋಗರೆ ಹಾಕಬೇಡಿ.